ಗಾನವಾಹಿನಿಗಳ ತಾರತಮ್ಯ ಮತ್ತು ಕರ್ತೃನಾಮವಿಚಾರ

೧

ಹಾಡಿನ ಕಡೆಯ ನುಡಿಯಲ್ಲಿ ಅಂಕಿತವನ್ನು ನಿಲ್ಲಿಸುವ ಪದ್ಧತಿ ಕನ್ನಡ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಬಸವಣ್ಣನವರ ವಚನಗಳಿಗೆ ‘ಕೂಡಲಸಂಗಮದೇವ’, ಅಕ್ಕಮಹಾದೇವಿಯ ವಚನಗಳಿಗೆ ‘ಚೆನ್ನಮಲ್ಲಿಕಾರ್ಜುನ’, ಪುರಂದರದಾಸರ ಪದಗಳಿಗೆ ‘ಪುರಂದರವಿಠಲ’, ಕನಕದಾಸರ ಪದಗಳಿಗೆ ‘ಕಾಗಿನೆಲೆಯಾದಿಕೇಶವ’ ಎಂಬ ಅಂಕಿತಗಳಿರುವುದು ಸರ್ವವಿದಿತವಾದ ಸಂಗತಿ. ಇವು ಇಷ್ಟದೈವದ ಹೆಸರುಗಳೇ ಹೊರತು ಕವಿಗಳ ಸ್ವಂತ ಹೆಸರುಗಳಲ್ಲ. ಆದರೂ ಓಲೆಗಳು ನಷ್ಟವಾದಾಗಲೂ, ಲಿಪಿಕಾರನು ತಪ್ಪಿದಾಗಲೂ, ಹಾಡು ಬಾಯಿಂದ ಬಾಯಿಗೆ ಸಾಗಿ ರೂಪಾಂತರವನ್ನು ಹೊಂದಿದಾಗಲೂ ಅದರ ಕರ್ತೃ ಯಾರೆಂಬುದನ್ನು ತಿಳಿಸಿದುವು ಈ ಅಂಕಿತಗಳೇ. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದಂದಿನಿಂದ ನಡೆದ ವಚನಸಂಪಾದನ ಕಾರ್ಯದಲ್ಲಿ ಅಂಕಿತವು ಎಷ್ಟು ದೊಡ್ಡ ಆಧಾರವಾಯಿತೆಂಬುದನ್ನು ವಾಚಕರು ಬಲ್ಲರು. ಕರ್ಣಾಟಕ ಸಂಗೀತದಲ್ಲಿಯೂ ಇದೇ ರೀತಿ. ತ್ಯಾಗರಾಜರು ತಮ್ಮ ಹೆಸರನ್ನೂ ಮುತ್ತುಸ್ವಾಮಿ ದೀಕ್ಷಿತರು ‘ಗುರುಗುಹ’ ಎಂಬ ಮುದ್ರೆಯನ್ನೂ ಕೃತಿಯೊಳಗೆ ಇರಿಸಿದರು. ದೀಕ್ಷಿತರಂತೂ ಅನೇಕ ಕೃತಿಗಳಲ್ಲಿ ರಾಗದ ಹೆಸರನ್ನು ಸಹ ಸಾಹಿತ್ಯದಲ್ಲಿ ಹೊಂದಿಸಿದರು.

ಈ ವಚನಗಳೂ ಪದಗಳೂ ಕೃತಿಗಳೂ ಇಂದು ಬಹುಮಂದಿಯ ಕಿವಿಗೆ ಬೀಳುವುದು ಸ್ಟ್ರೀಮಿಂಗ್ ಸೇವೆಗಳೆಂದು ಪ್ರಸಿದ್ಧವಾಗಿರುವ ಗಾನವಾಹಿನಿಗಳ ಮೂಲಕ. ಧ್ವನಿಮುದ್ರಣದ ಪ್ರತಿಯನ್ನು ಕೇಳುಗನಿಗೆ ಮಾರದೆ, ಅವನು ಬಯಸಿದಾಗ ಬಯಸಿದ ಹಾಡನ್ನು ಅಂತರ್ಜಾಲದ ಮೂಲಕ ಹರಿಸುವುದೂ, ಅದಕ್ಕಾಗಿ ತಿಂಗಳ ಶುಲ್ಕವನ್ನು ಪಡೆಯುವುದು ಅಥವಾ ನಡುನಡುವೆ ಜಾಹೀರಾತುಗಳನ್ನು ಕೇಳಿಸುವುದೂ ಇವುಗಳ ಲಕ್ಷಣ. ವಾಹಿನಿಗಳು ಹಲವಿರುವುದರಿಂದ ಯಾವುದು ಮೇಲು ಯಾವುದು ಕೀಳು ಎಂಬ ಪ್ರಶ್ನೆ ಸಹಜವಾಗಿಯೇ ಹುಟ್ಟುವುದು. ಲೋಕದಲ್ಲಿ ಈ ತಾರತಮ್ಯವನ್ನು ಹಾಡುಗಳ ಸಂಖ್ಯೆ, ಶುಲ್ಕ, ಧ್ವನಿಯ ಸ್ಪಷ್ಟತೆ ಎಂಬ ಮೂರು ಅಳತೆಗಳಿಂದ ಮಾಡುವುದು ರೂಢಿ. ಇವುಗಳಲ್ಲಿ ಸಂಖ್ಯೆಯು ಈಗ ನಿಷ್ಪ್ರಯೋಜಕವಾಗಿದೆ. ಆಪಲ್ ಮ್ಯೂಸಿಕ್ ತನ್ನ ಭಂಡಾರವು ೧೦ ಕೋಟಿ ಹಾಡುಗಳನ್ನು ಮುಟ್ಟಿತೆಂದು ೨೦೨೨ರ ಅಕ್ಟೋಬರಿನಲ್ಲಿ ಸಾರಿತು; ಸ್ಪಾಟಿಫೈ ಹೇಳುವ ಸಂಖ್ಯೆಯೂ ೧೦ ಕೋಟಿಗೆ ಮೇಲ್ಪಟ್ಟದ್ದೇ. ಒಬ್ಬ ಮನುಷ್ಯನ ಆಯುಸ್ಸಿನಲ್ಲಿ ಕೇಳಿ ಮುಗಿಯದ ಎರಡು ರಾಶಿಗಳೊಳಗೆ ಯಾವುದು ದೊಡ್ಡದೆಂದು ಕೇಳುವುದರಿಂದ ಫಲವಿಲ್ಲ.

ವಿದ್ವಾಂಸರಿಗೂ ಸಾಹಿತ್ಯದ ಅಧ್ಯಾಪಕರಿಗೂ ಉಪಯುಕ್ತವಾದ ನಿಕಷವು ಬೇರೊಂದಿದೆ. ಹಾಡನ್ನು ಕೊಡುವ ವಾಹಿನಿಯು ಹಾಡಿನ ಕರ್ತೃವನ್ನು ತಿಳಿಸುವುದೇ, ಕರ್ತೃವಿನ ಹೆಸರಿನಿಂದ ಹಾಡನ್ನು ಹುಡುಕಲು ಎಡೆಗೊಡುವುದೇ ಎಂಬುದೇ ಆ ನಿಕಷ. ಇದು ಹೊಸದಾಗಿ ಕಲ್ಪಿಸಿದುದಲ್ಲ. ಗಾನವು ಒಂದು ಸಾಧನದಿಂದ ಮತ್ತೊಂದಕ್ಕೆ ದಾಟಿದಾಗಲೆಲ್ಲ ಕರ್ತೃನಾಮವು ಹಿಂದೆ ಉಳಿದು, ಬಳಿಕ ಬಹಳ ಶ್ರಮದಿಂದ ಅದನ್ನು ಮರಳಿ ತರಬೇಕಾಯಿತೆಂಬುದಕ್ಕೆ ನೂರ ನಲವತ್ತು ವರ್ಷಗಳ ಚರಿತ್ರೆಯೇ ಸಾಕ್ಷಿ.

೨

ಗಾನವನ್ನು ತಂತಿಯ ಮೂಲಕ ದೂರಕ್ಕೆ ಹರಿಸುವ ಯತ್ನವು ಇಂದು ನೆನ್ನೆಯದಲ್ಲ. ೧೮೮೧ರಲ್ಲಿ ಪ್ಯಾರಿಸ್ ನಗರದ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಆದೇರ್ ಎಂಬ ಯಂತ್ರಶಿಲ್ಪಿಯು ಅಲ್ಲಿಯ ಆಪೆರಾ ರಂಗಸ್ಥಳದ ಹಾಡನ್ನು ದೂರವಾಣಿಯ ತಂತಿಗಳಿಂದ ಪ್ರೇಕ್ಷಕರ ಎರಡು ಕಿವಿಗಳಿಗೂ ಮುಟ್ಟಿಸಿದನು. ೧೮೯೦ರಲ್ಲಿ ಇದು ‘ತೆಯಾತ್ರೋಫೋನ್’ ಎಂಬ ಹೆಸರಿನಿಂದ ವ್ಯಾಪಾರವಾಗಿ ೧೯೩೨ರವರೆಗೆ ನಡೆಯಿತು. ೧೯೦೬ರಲ್ಲಿ ನ್ಯೂಯಾರ್ಕಿನಲ್ಲಿ ಥ್ಯಾಡಿಯಸ್ ಕಾಹಿಲ್ ಎಂಬವನು ವಿದ್ಯುಜ್ಜನಕಗಳಿಂದಲೇ ನಾದವನ್ನುಂಟುಮಾಡುವ ‘ಟೆಲ್ಹಾರ್ಮೋನಿಯಂ’ ಎಂಬ ಮಹಾಯಂತ್ರವನ್ನು ನಿಲ್ಲಿಸಿ, ಅದರ ವಾದನವನ್ನು ದೂರವಾಣಿಯ ತಂತಿಗಳಲ್ಲಿ ಕಳುಹಿಸಿದನು. ಸುಮಾರು ೨೦೦ ಟನ್ ತೂಕದ ಆ ಯಂತ್ರದ ನಾದವು ಜನರ ಮಾತುಕತೆಯ ತಂತಿಗಳೊಳಗೂ ನುಗ್ಗತೊಡಗಿದುದರಿಂದ ಆಕ್ಷೇಪಗಳೆದ್ದು ಕೆಲವೇ ವರ್ಷಗಳಲ್ಲಿ ಉದ್ಯಮವು ಮುರಿದುಬಿದ್ದಿತು. ಈ ಎರಡರಲ್ಲಿಯೂ ಹರಿದುಬಂದುದನ್ನು ಕೇಳುವುದಷ್ಟೇ ಕೇಳುಗನ ಪಾಲು. ಆರಿಸುವ ಅಧಿಕಾರವು ಅವನಿಗಿರಲಿಲ್ಲ. ಆಯ್ಕೆಯಿಲ್ಲದ ಕಡೆ ಪಟ್ಟಿಯ ಅಗತ್ಯವೂ ಇರದು.

ಆಯ್ಕೆಯು ಬಂದುದು ಮುದ್ರಿತವಾದ ತಟ್ಟೆಗಳಿಂದ. ೧೯೦೨ರ ನವೆಂಬರಿನಲ್ಲಿ ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬವನು ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯ ಹಾಡುಗಳನ್ನು ಮುದ್ರಿಸಿದನು. ಹಾಡು ಮುಗಿದೊಡನೆ ಆಕೆ ತನ್ನ ಹೆಸರು ಗೌಹರ್ ಜಾನ್ ಎಂದು ಇಂಗ್ಲಿಷಿನಲ್ಲಿ ಉಚ್ಚಸ್ವರದಿಂದ ಹೇಳುವುದು ಆ ತಟ್ಟೆಗಳಲ್ಲಿ ಕೇಳಿಬರುತ್ತದೆ. ಮೂಲಮುದ್ರಿಕೆಗಳು ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಗಿ ಅಲ್ಲಿ ತಟ್ಟೆಗಳಾಗಿ ಅಚ್ಚಾಗುತ್ತಿದ್ದುವಾದುದರಿಂದ, ಭಾಷೆಯನ್ನರಿಯದ ಅಲ್ಲಿಯ ಕೆಲಸಗಾರರಿಗೆ ಗಾಯಕರ ಗುರುತು ಸಿಕ್ಕಲೆಂದು ಈ ಏರ್ಪಾಡಾಯಿತೆಂದು ಹೇಳುವರು. ಕಾರಣವು ವ್ಯಾವಹಾರಿಕವಾದರೂ ಫಲವು ಅಂಕಿತದ ಫಲವೇ. ತಟ್ಟೆಯ ಮೇಲಣ ಚೀಟಿ ಹರಿದುಹೋದರೂ ಹೆಸರು ನಾದದೊಳಗೇ ಉಳಿಯಿತು. ಗೌಹರ್ ಜಾನ್ ೧೯೨೮ರಲ್ಲಿ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದು ೧೯೩೦ರ ಜನವರಿಯಲ್ಲಿ ಮೈಸೂರಿನಲ್ಲಿಯೇ ದೇಹವನ್ನು ಬಿಟ್ಟಳು. ಆದರೆ ಹೀಗೆ ತಟ್ಟೆಯಲ್ಲಿ ಸ್ಥಿರವಾದುದು ಹಾಡಿದವರ ಹೆಸರು, ರಚಿಸಿದವರದಲ್ಲ ಎಂಬುದನ್ನು ಇಲ್ಲಿಯೇ ಗಮನಿಸಬೇಕು. ಗ್ರಾಮೊಫೋನಿನಿಂದ ಗಾಯಕನು ಮುಂದಕ್ಕೆ ಬಂದನು. ವಾಗ್ಗೇಯಕಾರನು ಹಿಂದೆ ಸರಿದನು.

ಬಾನುಲಿಯು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿತು. ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಸ್ಥಾಪಿಸಿದ ಕೇಂದ್ರವು ‘ಆಕಾಶವಾಣಿ’ ಎಂಬ ಹೆಸರನ್ನು ತಾಳಿತು. ಆ ಹೆಸರೇ ಮುಂದೆ ದೇಶದ ಬಾನುಲಿಗೆಲ್ಲ ಸಂದಿತು. ಬಾನುಲಿಯ ಉದ್ಘೋಷಕರು ಕಚೇರಿಯ ಪ್ರತಿಯೊಂದು ಕೃತಿಗೂ ಮುನ್ನ ರಚನೆ, ರಾಗ, ತಾಳಗಳನ್ನೂ, ಹಾಡುವವರ ಮತ್ತು ಪಕ್ಕವಾದ್ಯದವರ ಹೆಸರುಗಳನ್ನೂ ಹೇಳುವ ಸಂಪ್ರದಾಯವನ್ನು ಬೆಳೆಸಿದರು. ಓದಲು ಬಾರದವರೂ ಯಾವ ಪದ ಯಾವ ದಾಸರದೆಂದು ಅರಿತುದು ಇದರಿಂದ.

೩

ಅಂಕೀಯ ಸಾಧನಗಳು ಬಂದೊಡನೆ ಮತ್ತೆ ಹೆಸರು ಕಳೆಯಿತು. ೧೯೮೨ರಲ್ಲಿ ಮಾರಾಟಕ್ಕೆ ಬಂದ ಸಿ.ಡಿ. ಎಂಬ ಅಡಕತಟ್ಟೆಯಲ್ಲಿ ನಾದವು ಅಂಕೆಗಳ ರೂಪದಲ್ಲಿ ಅತಿ ಸ್ಪಷ್ಟವಾಗಿ ನಿಂತಿತು. ಆದರೆ ಹಾಡಿನ ಹೆಸರಾಗಲಿ ಹಾಡಿದವರ ಹೆಸರಾಗಲಿ ಆ ಅಂಕೆಗಳಲ್ಲಿ ಇರಲಿಲ್ಲ. ಅವು ಇದ್ದುದು ಪೆಟ್ಟಿಗೆಯ ಕಾಗದದಲ್ಲಿ ಮಾತ್ರ. ಆದುದರಿಂದ ಗಣಕಯಂತ್ರದಲ್ಲಿ ತಟ್ಟೆಯನ್ನಿಟ್ಟರೆ ಒಂದನೆಯ ಹಾಡು, ಎರಡನೆಯ ಹಾಡು ಎಂಬ ಕ್ರಮಸಂಖ್ಯೆಯಷ್ಟೇ ಕಾಣಿಸುತ್ತಿದ್ದಿತು. ೧೯೯೩ರ ಸುಮಾರಿನಲ್ಲಿ ಅಮೆರಿಕದ ಟಿ ಕಾನ್, ಸ್ಟೀವ್ ಶೆರ್ಫ್ ಎಂಬವರು ಕೇಳುಗರೇ ಹೆಸರುಗಳನ್ನು ಬರೆದು ಪರಸ್ಪರ ಹಂಚಿಕೊಳ್ಳುವ ‘ಸಿ.ಡಿ.ಡಿ.ಬಿ.’ ಎಂಬ ಪಟ್ಟಿಯನ್ನು ಮೊದಲುಮಾಡಿದರು. ಇಂದಿನ ನಾಮಾವಳಿಗಳ ಬಹುಭಾಗಕ್ಕೆ ಮೂಲವು ಹೀಗೆ ಹೆಸರರಿಯದ ಸ್ವಯಂಸೇವಕರ ಬೆರಳುಗಳು.

೧೯೯೬ರಲ್ಲಿ ಎಂಪಿ೩ ಕಡತಗಳ ಕೊನೆಗೆ ಸೇರಿಸಲು ‘ಐಡಿ೩’ ಎಂಬ ಚೀಟಿಯ ಕ್ರಮವೊಂದು ಏರ್ಪಟ್ಟಿತು. ಇದರ ಒಟ್ಟು ಗಾತ್ರವು ೧೨೮ ಬೈಟುಗಳು. ಹಾಡಿನ ಹೆಸರಿಗೆ ೩೦, ಕಲಾವಿದನಿಗೆ ೩೦, ಸಂಪುಟಕ್ಕೆ ೩೦, ಟಿಪ್ಪಣಿಗೆ ೩೦ ಅಕ್ಷರಗಳು, ವರ್ಷಕ್ಕೆ ನಾಲ್ಕು, ವರ್ಗಕ್ಕೆ ಒಂದು. ರಚನಕಾರನಿಗೆ ಸ್ಥಳವೇ ಇಲ್ಲ. ವರ್ಗಗಳ ಮೂಲಪಟ್ಟಿಯಲ್ಲಿ ೮೦ ಹೆಸರುಗಳಿದ್ದು, ರಾಕ್ ಸಂಗೀತದ ಪ್ರಭೇದಗಳಿಗೇ ಹಲವು ಸ್ಥಾನಗಳು ಸಂದಿದ್ದರೂ ಭಾರತೀಯ ಸಂಗೀತಕ್ಕೆ ಒಂದು ಸ್ಥಾನವೂ ಇರಲಿಲ್ಲ. ಇದರಲ್ಲಿ ದ್ವೇಷವನ್ನು ಕಲ್ಪಿಸಬೇಕಾಗಿಲ್ಲ. ಹಾಡನ್ನು ರಚಿಸಿದವನೂ ಹಾಡುವವನೂ ಒಬ್ಬನೇ ಅಥವಾ ಒಂದೇ ತಂಡವೆಂಬ ಪಾಶ್ಚಾತ್ಯ ಜನಪ್ರಿಯ ಸಂಗೀತದ ರೂಢಿಯೇ ಆ ಚೀಟಿಯ ಮಾದರಿಯಾಯಿತು. ಬಳಿಕ ೧೯೯೮ರ ಪರಿಷ್ಕಾರದಲ್ಲಿ ರಚನಕಾರನಿಗೆ ಎಡೆ ದೊರೆಯಿತಾದರೂ, ‘ಹಾಡು, ಕಲಾವಿದ, ಸಂಪುಟ’ ಎಂಬ ತ್ರಿಪುಟಿಯು ಅಷ್ಟರಲ್ಲಿ ಬೇರೂರಿದ್ದಿತು. ಇಂದಿನ ಗಾನವಾಹಿನಿಗಳು ಈ ತ್ರಿಪುಟಿಯ ಸಂತತಿಯೇ.

೪

೧೯೯೯ರ ಜೂನ್ ತಿಂಗಳಿನಲ್ಲಿ ಹೊರಟ ನ್ಯಾಪ್‌ಸ್ಟರ್ ಕೇಳುಗರು ತಮ್ಮತಮ್ಮ ಕಡತಗಳನ್ನು ಪರಸ್ಪರ ಕೊಟ್ಟುಕೊಳ್ಳುವಂತೆ ಮಾಡಿ, ನ್ಯಾಯಾಲಯದ ಆಜ್ಞೆಯ ಫಲವಾಗಿ ೨೦೦೧ರಲ್ಲಿ ನಿಂತುಹೋಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ‘ರ‍್ಯಾಪ್ಸೊಡಿ’ ತಿಂಗಳ ಶುಲ್ಕಕ್ಕೆ ಬೇಕಾದಷ್ಟು ಕೇಳಬಹುದೆಂಬ ವ್ಯವಸ್ಥೆಯನ್ನು ತಂದಿತು. ೨೦೦೬ರಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ಥಾಪಿತವಾದ ಸ್ಪಾಟಿಫೈ ೨೦೦೮ರ ಅಕ್ಟೋಬರಿನಲ್ಲಿ ಕೇಳುಗರಿಗೆ ತೆರೆದು ಈ ವ್ಯವಸ್ಥೆಯನ್ನು ಲೋಕವ್ಯಾಪಿಯಾಗಿ ಮಾಡಿತು. ಭಾರತದಲ್ಲಿ ೨೦೧೦ರಲ್ಲಿ ಗಾನಾ, ೨೦೧೪ರಲ್ಲಿ ವಿಂಕ್ ಎಂಬುವು ಹುಟ್ಟಿದುವು. ೨೦೧೫ರಲ್ಲಿ ಆಪಲ್ ಮ್ಯೂಸಿಕ್ ಬಂದಿತು. ೨೦೧೮ರಲ್ಲಿ ಸಾವನ್ ಮತ್ತು ಜಿಯೋ ಮ್ಯೂಸಿಕ್ ಎರಡೂ ಕೂಡಿ ಜಿಯೋಸಾವನ್ ಆದುವು. ೨೦೧೯ರ ಫೆಬ್ರವರಿಯಲ್ಲಿ ಸ್ಪಾಟಿಫೈ ಬಂದಿತು.

ಕೋಟಿಗಟ್ಟಲೆ ಹಾಡುಗಳೊಳಗೆ ಕೇಳುಗನಿಗೆ ಮುಂದಿನ ಹಾಡನ್ನು ತೋರಿಸಿಕೊಡುವುದೇ ವಾಹಿನಿಗಳ ಮುಖ್ಯ ಕಾರ್ಯವಾಯಿತು. ಇದಕ್ಕಾಗಿ ಅವು ಹಿಡಿದ ಮಾರ್ಗಗಳನ್ನು ನ್ಯಾಯಶಾಸ್ತ್ರದ ಪ್ರಮಾಣಗಳ ಕ್ರಮದಲ್ಲಿ ವಿಂಗಡಿಸಿದರೆ ಅವುಗಳ ಬಲಾಬಲಗಳು ಸ್ಪಷ್ಟವಾಗುವುವು. ಮೊದಲನೆಯದು ಉಪಮಾನ. ೨೦೦೦ದಲ್ಲಿ ಅಮೆರಿಕದಲ್ಲಿ ಆರಂಭವಾದ ‘ಮ್ಯೂಸಿಕ್ ಜೀನೋಮ್’ ಎಂಬ ಯೋಜನೆಯಲ್ಲಿ ಸಂಗೀತಜ್ಞರು ಒಂದೊಂದು ಹಾಡನ್ನೂ ಕೇಳಿ ೪೫೦ರವರೆಗಿನ ಲಕ್ಷಣಗಳನ್ನು ಗುರುತಿಸಿದರು. ೨೦೦೫ರಲ್ಲಿ ಹೊರಟ ಪ್ಯಾಂಡೊರಾ ಎಂಬ ವಾಹಿನಿಯು ಈ ಲಕ್ಷಣಗಳ ಸಾದೃಶ್ಯದಿಂದ ಮುಂದಿನ ಹಾಡನ್ನು ಆರಿಸಿತು. ಗೋವಿನಂತಿರುವುದು ಗವಯವೆಂದು ಕೇಳಿದವನು ಕಾಡಿನಲ್ಲಿ ಗವಯವನ್ನು ಗುರುತಿಸುವಂತೆ ಇದು. ಎರಡನೆಯದು ಅನುಮಾನ. ೨೦೦೨ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಲಾಸ್ಟ್ ಎಫ್‌ಎಂ ಕೇಳುಗರು ಏನೇನನ್ನು ಕೇಳಿದರೆಂಬ ದಾಖಲೆಯನ್ನಿಟ್ಟು, ಈ ಹಾಡನ್ನು ಕೇಳಿದವರು ಆ ಹಾಡನ್ನೂ ಕೇಳಿರುವರು, ಆದಕಾರಣ ನಿಮಗೂ ಅದು ರುಚಿಸುವುದು ಎಂಬ ರೀತಿಯಿಂದ ನಡೆಯಿತು. ೨೦೧೫ರಲ್ಲಿ ಸ್ಪಾಟಿಫೈ ಪ್ರತಿ ಸೋಮವಾರವೂ ಒಬ್ಬೊಬ್ಬ ಕೇಳುಗನಿಗೂ ೩೦ ಹಾಡುಗಳ ಪ್ರತ್ಯೇಕ ಪಟ್ಟಿಯನ್ನು ಕೊಡತೊಡಗಿದುದು ಮುಖ್ಯವಾಗಿ ಈ ಮಾರ್ಗದ ವಿಸ್ತಾರವೇ. ಮೂರನೆಯದು ಶಬ್ದ, ಎಂದರೆ ಬಲ್ಲವರ ಮಾತು. ಆಪಲ್ ಮ್ಯೂಸಿಕ್ ಸಂಪಾದಕರು ಕೈಯಿಂದ ಆರಿಸಿದ ಪಟ್ಟಿಗಳನ್ನು ಮೊದಲಿನಿಂದಲೂ ಮುಂದೊಡ್ಡಿದುದು ಈ ಪ್ರಮಾಣವನ್ನು ನಂಬಿ. ನಾಲ್ಕನೆಯದಾದ ಪ್ರತ್ಯಕ್ಷವು ಕೇಳುಗನ ಕಿವಿಗೆ ಸೇರಿದುದು.

ಅನುಮಾನಮಾರ್ಗದಲ್ಲಿ ಉಪಾಧಿಯ ದೋಷವು ಬಹಳ. ಒಂದು ಮನೆಯಲ್ಲಿ ಮುಂಜಾನೆ ಸುಪ್ರಭಾತವನ್ನು ಹಿರಿಯರು ಹಾಕುವರು. ಅದರ ಹಿಂದೆಯೇ ಅದೇ ಯಂತ್ರದಲ್ಲಿ ಮಕ್ಕಳು ಹೊಸ ಚಿತ್ರದ ಹಾಡನ್ನು ಕೇಳುವರು. ಇಲ್ಲಿ ಸಾಹಚರ್ಯಕ್ಕೆ ಕಾರಣವು ಮನೆಯೊಂದಾಗಿರುವುದೇ ಹೊರತು ಗಾನದ ಧರ್ಮವಲ್ಲ. ಧೂಮವನ್ನುಂಟುಮಾಡುವ ಹಸಿಯ ಕಟ್ಟಿಗೆಯನ್ನು ಎಣಿಸದೆ, ಬೆಂಕಿಯಿದ್ದಲ್ಲೆಲ್ಲ ಧೂಮವುಂಟೆಂದು ಹೇಳಿದಂತೆ ಇದು. ಆದರೂ ರುಚಿಯ ವಿಷಯದಲ್ಲಿ ಈ ದೋಷದಿಂದ ದೊಡ್ಡ ಹಾನಿಯಿಲ್ಲ. ಹಿಡಿಸದ ಹಾಡನ್ನು ಬಿಟ್ಟು ಮುಂದಕ್ಕೆ ಹೋಗಬಹುದು.

ಕರ್ತೃತ್ವದ ವಿಷಯವು ಹಾಗಲ್ಲ. ಒಂದು ಪದವು ಇಂಥವರದೆಂಬುದು ನಾದವನ್ನು ಎಷ್ಟು ಕೇಳಿದರೂ ಪ್ರತ್ಯಕ್ಷವಾಗದು. ಕೇಳುಗರ ದಾಖಲೆಯಿಂದ ಅನುಮಿತವಾಗದು. ಶೈಲಿಯ ಸಾದೃಶ್ಯದಿಂದ ಊಹಿಸಬಹುದೇ ಹೊರತು ನಿರ್ಣಯಿಸಲಾಗದು. ಅದು ಶಬ್ದದಿಂದಲೇ ತಿಳಿಯತಕ್ಕದ್ದು. ಆ ಶಬ್ದವು ಪದದೊಳಗಣ ಅಂಕಿತವಾಗಿರಬೇಕು, ಇಲ್ಲವೆ ಬಲ್ಲವರು ಬರೆದಿಟ್ಟ ಮಾತಾಗಿರಬೇಕು. ಆದುದರಿಂದ ಉಪಮಾನಾನುಮಾನಗಳಲ್ಲಿ ಎಷ್ಟೇ ಪ್ರಬಲವಾಗಿದ್ದರೂ ಶಬ್ದದಲ್ಲಿ ದರಿದ್ರವಾದ ವಾಹಿನಿಯು ವಿದ್ಯಾರ್ಥಿಗೆ ಮಾರ್ಗದರ್ಶಿಯಾಗಲಾರದು.

೫

ಈ ನಿಕಷದಿಂದ ನೋಡಿದರೆ ವಾಹಿನಿಗಳ ತಾರತಮ್ಯವು ಬೇರೆ ರೀತಿಯಾಗಿ ತೋರುವುದು. ಭಾರತೀಯ ವಾಹಿನಿಗಳು ಹಾಡನ್ನು ಚಲನಚಿತ್ರದ ಹೆಸರಿನಿಂದ ಹುಡುಕುವ ರೂಢಿಗೆ ಚೆನ್ನಾಗಿ ಹೊಂದಿಕೊಂಡುವು. ಸ್ಪಾಟಿಫೈ ೨೦೧೮ರಲ್ಲಿ ಗೀತಕಾರರ ಹೆಸರುಗಳನ್ನು ತೋರಿಸತೊಡಗಿತು. ೨೦೨೧ರಲ್ಲಿ ತನ್ನ ವ್ಯವಹಾರಭಾಷೆಗಳಲ್ಲಿ ಕನ್ನಡವನ್ನೂ ಸೇರಿಸಿತು. ಇವು ಸ್ತುತ್ಯವಾದ ಕಾರ್ಯಗಳು. ಆದರೂ ದಾಸರ ಪದಗಳನ್ನು ಹುಡುಕಿದಾಗ ರಚನಕಾರರ ಎಡೆಯಲ್ಲಿ ‘ಸಾಂಪ್ರದಾಯಿಕ’ ಎಂಬ ಒಂದೇ ಮಾತಿರುವುದೂ, ಶತಮಾನಗಳ ಹಿಂದಣ ವಾಗ್ಗೇಯಕಾರರು ಈಗಿನ ಗಾಯಕರ ಸಾಲಿನಲ್ಲಿ ‘ಕಲಾವಿದ’ರೆಂದು ನಿಂತಿರುವುದೂ ಕಾಣಬರುತ್ತದೆ. ವ್ಯಾಸರಾಯರದೆಂದು ಪ್ರಸಿದ್ಧವಾದ ‘ಕೃಷ್ಣಾ ನೀ ಬೇಗನೆ ಬಾರೊ’ ಎಂಬ ಪದವನ್ನು ಶಾಸ್ತ್ರೀಯ ಗಾಯಕರು ಹಾಡಿರುವರು, ನರ್ತಕಿಯರು ಅಭಿನಯಿಸಿರುವರು, ೧೯೯೬ರಲ್ಲಿ ‘ಕೊಲೋನಿಯಲ್ ಕಸಿನ್ಸ್’ ಎಂಬ ಜೋಡಿಯು ಪಾಶ್ಚಾತ್ಯ ವಾದ್ಯಗಳೊಡನೆಯೂ ಹಾಡಿತು. ಈ ಮುದ್ರಣಗಳಿಗೆಲ್ಲ ಪದವು ಒಂದೇ ಎಂಬ ಸಂಬಂಧವನ್ನು ‘ಹಾಡು, ಕಲಾವಿದ, ಸಂಪುಟ’ ಎಂಬ ತ್ರಿಪುಟಿಯು ತಿಳಿಸಲಾರದು.

ಲಿಪಿಯಿಂದಲೂ ಒಂದು ತೊಡಕುಂಟು. ಹೆಸರುಗಳು ಬಹುಮಟ್ಟಿಗೆ ರೋಮನ್ ಲಿಪಿಯಲ್ಲಿರುವುದರಿಂದ ಹ್ರಸ್ವದೀರ್ಘಗಳೂ ಲಕಾರಳಕಾರಗಳೂ ಒಂದರಲ್ಲೊಂದು ಬೆರೆತುಹೋಗುವುವು. ದಕ್ಷಿಣದವರು ತಕಾರವನ್ನು ಎರಡು ಅಕ್ಷರಗಳಿಂದ ಬರೆದರೆ ಇತರರು ಒಂದರಿಂದ ಬರೆಯುವರು. ಅದರಿಂದ ತ್ಯಾಗರಾಜರೊಬ್ಬರೇ ಪಟ್ಟಿಯಲ್ಲಿ ಇಬ್ಬರಾಗುವರು. ಹಸ್ತಪ್ರತಿಗಳಲ್ಲಿ ಪಾಠಾಂತರಗಳನ್ನು ಕೂಡಿಸಿ ಒಂದು ಪಾಠವನ್ನು ನಿರ್ಣಯಿಸುವ ಸಂಪಾದಕನಂಥವನು ಇಲ್ಲಿ ಇಲ್ಲ.

ಇದು ಅಸಾಧ್ಯವಾದ ಕಾರ್ಯವೇ ಎಂದರೆ ಅಲ್ಲ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೂ ಇದೇ ಕಷ್ಟವಿದ್ದಿತು. ಅಲ್ಲಿಯೂ ರಚನಕಾರ, ಕೃತಿ, ಕೃತಿಯ ಅಂಗ, ವಾದ್ಯವೃಂದ, ಅದರ ನಾಯಕ, ಏಕವಾದಕ ಎಂದು ಹೆಸರುಗಳು ಹಲವು. ಬರ್ಲಿನ್ನಿನ ಇಡಾಜಿಯೊ, ನೆದರ್ಲೆಂಡ್ಸಿನ ಪ್ರೈಮ್‌ಫೋನಿಕ್ ಎಂಬ ವಾಹಿನಿಗಳು ಇವುಗಳಿಗಾಗಿಯೇ ಪ್ರತ್ಯೇಕ ಪಟ್ಟಿಗಳನ್ನು ಕಟ್ಟಿದುವು. ಆಪಲ್ ಸಂಸ್ಥೆಯು ೨೦೨೧ರಲ್ಲಿ ಪ್ರೈಮ್‌ಫೋನಿಕ್ಕನ್ನು ಕೊಂಡು, ೨೦೨೩ರ ಮಾರ್ಚಿನಲ್ಲಿ ೫೦ ಲಕ್ಷಕ್ಕೂ ಮಿಗಿಲಾದ ಮುದ್ರಣಗಳಿರುವ ಪ್ರತ್ಯೇಕ ಶಾಸ್ತ್ರೀಯ ವಾಹಿನಿಯನ್ನು ತೆರೆಯಿತು. ಭಾರತೀಯ ಸಂಗೀತದಲ್ಲಿ ಇಂಥ ಕಾರ್ಯಕ್ಕೆ ಮೇಲ್ಪಂಕ್ತಿಯಾದುದು ೨೦೧೧ರಿಂದ ೨೦೧೭ರವರೆಗೆ ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾನಿಲಯದಲ್ಲಿ ಜೇವಿಯರ್ ಸೆರಾ ಅವರ ನೇತೃತ್ವದಲ್ಲಿ ನಡೆದ ‘ಕಾಂಪ್‌ಮ್ಯೂಸಿಕ್’ ಸಂಶೋಧನೆ. ಅದರಲ್ಲಿ ಕರ್ಣಾಟಕ ಸಂಗೀತದ ಮುದ್ರಣಗಳನ್ನು ರಾಗ, ತಾಳ, ವಾಗ್ಗೇಯಕಾರ ಎಂಬ ಕ್ರಮದಿಂದ ಪಟ್ಟಿಮಾಡಿ, ಸ್ವಯಂಸೇವಕರು ನಡೆಸುವ ‘ಮ್ಯೂಸಿಕ್‌ಬ್ರೈನ್ಸ್’ ಎಂಬ ಮುಕ್ತಕೋಶದಲ್ಲಿ ಸೇರಿಸಿದರು.

೬

ಇಲ್ಲಿ ಪೂರ್ವಪಕ್ಷವೊಂದನ್ನು ಎತ್ತಬಹುದು. ಗಾನವು ಆನಂದಕ್ಕಾಗಿ ಇರುವುದು. ಮಾವಿನ ಹಣ್ಣನ್ನು ತಿನ್ನುವವನು ಮರ ನೆಟ್ಟವನ ಹೆಸರನ್ನು ಕೇಳುವನೇ? ಅದೂ ಅಲ್ಲದೆ ಅಂಕಿತವೂ ನಿರ್ದುಷ್ಟವಾದ ಪ್ರಮಾಣವಲ್ಲ. ಪುರಂದರದಾಸರ ಅಂಕಿತವನ್ನು ಹೊತ್ತ ಪದಗಳೆಲ್ಲ ಅವರವೇ ಎಂದು ಯ�ಾವ ಸಂಪಾದಕನೂ ಹೇಳಲಾರನು. ಹೀಗಿರಲು ಯಂತ್ರದ ಪಟ್ಟಿಯನ್ನೇಕೆ ದೂಷಿಸಬೇಕು?

ಇದಕ್ಕೆ ಸಮಾಧಾನ. ಅಂಕಿತವು ಶಂಕಾಸ್ಪದವಾದರೆ ಶಂಕೆಯನ್ನು ಎತ್ತಲಾದರೂ ಅದು ಆಧಾರವಾಗುವುದು. ಹೆಸರೇ ಇಲ್ಲದ ಕಡೆ ಶಂಕೆಗೂ ಎಡೆಯಿಲ್ಲ. ಹೆಸರಿನಿಂದ ಜೀವನವೂ ನಡೆಯುವುದು. ಅಮೆರಿಕದಲ್ಲಿ ೨೦೧೮ರ ಶಾಸನವೊಂದರ ಮೇರೆಗೆ ಏರ್ಪಟ್ಟ ‘ಮೆಕ್ಯಾನಿಕಲ್ ಲೈಸೆನ್ಸಿಂಗ್ ಕಲೆಕ್ಟಿವ್’ ಎಂಬ ಸಂಸ್ಥೆಗೆ ೨೦೨೧ರ ಫೆಬ್ರವರಿಯಲ್ಲಿ ವಾಹಿನಿಗಳು ಸುಮಾರು ೪೨ ಕೋಟಿ ೪೦ ಲಕ್ಷ ಡಾಲರುಗಳನ್ನು ಒಪ್ಪಿಸಿದುವು. ಹಾಡುಗಳಿಗೂ ಅವುಗಳ ಹಕ್ಕುದಾರರಿಗೂ ಸಂಬಂಧವನ್ನು ಹೊಂದಿಸಲಾಗದೆ ಕೊಡದೆ ಉಳಿದಿದ್ದ ಗೌರವಧನವದು. ಪ್ರತಿಯೊಂದು ಧ್ವನಿಮುದ್ರಣಕ್ಕೂ ೧೨ ಅಕ್ಷರಗಳ ‘ಐ.ಎಸ್.ಆರ್.ಸಿ.’ ಎಂಬ ಗುರುತನ್ನು ಕೊಡುವ ಕ್ರಮವು ೧೯೮೬ರಿಂದಲೂ ಇದೆ. ಆದರೆ ಅದು ಮುದ್ರಣವನ್ನು ಗುರುತಿಸುವುದೇ ಹೊರತು ರಚನೆಯನ್ನಲ್ಲ.

ಕನ್ನಡಕ್ಕೆ ಇದರ ಸಂಬಂಧವು ನೇರವಾದುದು. ದಾಸರ ಪದಕ್ಕೆ ಅಂಕಿತವಾದರೂ ಇದೆ; ಪಟ್ಟಿಯು ತಪ್ಪಿದರೂ ಕಡೆಯ ನುಡಿಯನ್ನು ಕೇಳಿದವನು ತಿದ್ದಿಕೊಳ್ಳಬಲ್ಲನು. ಆಧುನಿಕ ಭಾವಗೀತೆಗೆ ಸಾಮಾನ್ಯವಾಗಿ ಆ ರಕ್ಷೆಯಿಲ್ಲ. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಪ್ರಸಿದ್ಧವಾದ ‘ನಿತ್ಯೋತ್ಸವ’ವು ೧೯೭೮ರಲ್ಲಿ ಹೊರಬಂದಿತು. ಅದರ ಕವಿ ಕೆ. ಎಸ್. ನಿಸಾರ್ ಅಹಮದ್, ರಾಗ ಸಂಯೋಜಕರು ಮೈಸೂರು ಅನಂತಸ್ವಾಮಿ. ಅಂಥ ಗೀತೆಯನ್ನು ಮುಂದಿನವರು ಮರಳಿ ಹಾಡಿ ವಾಹಿನಿಗೆ ಸೇರಿಸಿದಾಗ, ಚೀಟಿಯಲ್ಲಿ ಬರೆಯದಿದ್ದರೆ ಕವಿಯ ಹೆಸರು ಗೀತೆಯಿಂದ ಸಂಪೂರ್ಣವಾಗಿ ಬೇರೆಯಾಗಿಹೋಗುವುದು. ಕವಿಗೂ ಸಂಯೋಜಕನಿಗೂ ಗೌರವಧನದಲ್ಲಿ ಪಾಲಿರಬೇಕೆಂದು ಭಾರತದ ಕೃತಿಸ್ವಾಮ್ಯ ಶಾಸನವನ್ನು ೨೦೧೨ರಲ್ಲಿ ತಿದ್ದಲಾಯಿತು. ಆದರೆ ಹೆಸರು ಕಾಣದ ಕಡೆ ಆ ಪಾಲನ್ನು ಯಾರಿಗೆ ಕೊಡಬೇಕು?

೭

ವಾಹಿನಿಗಳು ಸ್ಥಿರವಲ್ಲವೆಂಬುದನ್ನೂ ಮರೆಯಲಾಗದು. ೨೦೧೦ರಲ್ಲಿ ಹೊರಟ ಆರ್‌ಡಿಯೊ ೨೦೧೫ರಲ್ಲಿಯೂ, ೨೦೧೧ರ ಗೂಗಲ್ ಪ್ಲೇ ಮ್ಯೂಸಿಕ್ ೨೦೨೦ರಲ್ಲಿಯೂ, ವಿಂಕ್ ೨೦೨೪ರಲ್ಲಿಯೂ ಮುಗಿದುವು. ಕಲಾವಿದರು ೨೦೧೫ಕ್ಕೆ ಮುಂಚೆ ಸೇರಿಸಿದ್ದ ಸುಮಾರು ೫ ಕೋಟಿ ಹಾಡುಗಳು ಕಡತಗಳನ್ನು ಸ್ಥಳಾಂತರಿಸುವಾಗ ‘ಮೈಸ್ಪೇಸ್’ ತಾಣದಿಂದ ನಷ್ಟವಾದ ಸಂಗತಿ ೨೦೧೯ರಲ್ಲಿ ಬಯಲಾಯಿತು. ಪುರಂದರದಾಸರು ೪,೭೫,೦೦೦ ಪದಗಳನ್ನು ರಚಿಸಿದರೆಂದು ಸಂಪ್ರದಾಯವು ಹೇಳುವುದು. ದೊರೆತಿರುವುವು ಅದರ ಅತ್ಯಲ್ಪಾಂಶ. ಸಂಖ್ಯೆಯು ಯಾವ ಕಾಲದಲ್ಲಿಯೂ ಗಾನವನ್ನು ಕಾಪಾಡಿದುದಿಲ್ಲ. ಉಳಿದ ಪದಗಳು ದಾಸರವೆಂದು ತಿಳಿದುದು ಅಂಕಿತದಿಂದ. ಅವನ್ನು ಉಳಿಸಿದವರು ಭಜನೆಯ ಮಂದಿಯೂ ಸಂಗ್ರಾಹಕರೂ.

ಆದುದರಿಂದ ವಾಹಿನಿಯನ್ನು ಆರಿಸುವವರು ಪರಿಚಿತವಾದ ಒಂದು ದಾಸರ ಪದವನ್ನೂ ಒಂದು ಭಾವಗೀತೆಯನ್ನೂ ಹುಡುಕಿ, ಕವಿ, ರಾಗ ಸಂಯೋಜಕ, ಗಾಯಕ ಎಂಬ ಮೂವರನ್ನೂ ವಾಹಿನಿಯು ಬೇರೆಬೇರೆಯಾಗಿ ತೋರಿಸುವುದೋ ಇಲ್ಲವೋ ಎಂಬುದನ್ನು ಮೊದಲು ಪರೀಕ್ಷಿಸುವುದು ಯುಕ್ತ. ತರಗತಿಯಲ್ಲಿ ಹಾಡನ್ನು ಕೇಳಿಸುವ ಅಧ್ಯಾಪಕರು, ಬಾನುಲಿಯ ಉದ್ಘೋಷಕರು ಮಾಡಿದಂತೆ, ಮೊದಲು ಹೆಸರುಗಳನ್ನು ಹೇಳಿ ಬಳಿಕ ಹಾಡನ್ನು ಕೇಳಿಸಿದರೆ ಪಟ್ಟಿಯ ಕೊರತೆಯು ಅಷ್ಟರಮಟ್ಟಿಗೆ ತುಂಬುವುದು. ದಾಸರ ಪದಗಳ ಪ್ರಥಮಪಾದಸೂಚಿಗಳನ್ನೂ ಅಂಕಿತಸೂಚಿಗಳನ್ನೂ ಸಿದ್ಧಪಡಿಸಿದ ಅನುಭವವು ಕನ್ನಡ ವಿದ್ವಾಂಸರಿಗೆ ಉಂಟು. ಆ ಸೂಚಿಗಳನ್ನು ಕನ್ನಡ ಲಿಪಿಯಲ್ಲಿಯೇ ಮುಕ್ತಕೋಶಗಳಿಗೆ ಸೇರಿಸಿ, ಒಂದೊಂದು ಪದಕ್ಕೂ ದೊರೆಯುವ ಧ್ವನಿಮುದ್ರಣಗಳನ್ನು ಜೋಡಿಸುವ ಕಾರ್ಯವು ಮಾತ್ರ ಉಳಿದಿದೆ. ಇದು ಗ್ರಂಥಸಂಪಾದನೆಯ ಕಾರ್ಯವೇ ಆಗಿರುವುದರಿಂದ ಯಂತ್ರಕುಶಲರಿಗಾಗಿ ಕಾದಿರದೆ ಪಂಡಿತರೇ ಕೈಕೊಳ್ಳಬಹುದಾದುದು.